ಅಕ್ಕನ ಕಲ್ಲು, ನನ್ನ ಕಂಪ್ರೆಸರ್ ಬುದ್ಧಿ

ಅದು 2003ರ ಬೇಸಿಗೆ. ಆಗ ನಾನು ಹೊಸದುರ್ಗದ ಸುತ್ತಮುತ್ತ ಬಾವಿ ತೋಡಿಸುವವರಿಗೆ, ಗಾಳಿ ಒತ್ತಡದಿಂದ ಬಂಡೆ ಕೊರೆಯುವ ಕಂಪ್ರೆಸರ್ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಬಂಡೆ ಅಡ್ಡ ಬಂತೆಂದರೆ ನನಗೇ ಕರೆ. ಕಲ್ಲಿನ ವಿಷಯದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂಬ ಜಂಬವೂ ಇತ್ತು.

ಬಿ.ದುರ್ಗ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ನಮ್ಮಕ್ಕ ಗಂಗಮ್ಮನಿಗೆ ಎಡಪಕ್ಕೆಯಲ್ಲಿ ತಡೆಯಲಾರದ ನೋವು ಬಂತು. ಭಾವ ತೀರಿಕೊಂಡಿದ್ದರಿಂದ ನಾನೇ ಚಿತ್ರದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಿಡ್ನಿಯಿಂದ ಮೂತ್ರ ಇಳಿಯುವ ನಾಳದಲ್ಲಿ ಕಡಲೆಕಾಳಿನಷ್ಟು ಕಲ್ಲು ಸಿಕ್ಕಿಕೊಂಡಿತ್ತು.

"ಹೊಟ್ಟೆ ಕೊಯ್ಯೋದು ಬೇಡ, ಮೂತ್ರದ ದಾರಿಯಲ್ಲೇ ಸಣ್ಣ ದುರ್ಬೀನು ಬಿಟ್ಟು ಒಡೀತೀವಿ" ಎಂದರು ಡಾಕ್ಟರು. ನನ್ನ ಕೆಲಸ ಯಾವುದೆಂದು ಕೇಳಿ ನಕ್ಕರು. "ಹಂಗಾದ್ರೆ ನಿಮಗೆ ಬೇಗ ಅರ್ಥ ಆಗುತ್ತೆ. ನಮ್ಮ ಮಷಿನ್ನೂ ಗಾಳಿ ಒತ್ತಡದ್ದೇ, ಒಂದು ಕಡ್ಡಿ ಟಕ್ ಟಕ್ ಅಂತ ಬಡಿಯುತ್ತೆ. ಬೆಂಗಳೂರಲ್ಲಿ ಲೇಸರ್ ಇದೆ, ಅದು ಪುಡಿ ಮಾಡುತ್ತೆ, ಇದು ಚೂರು ಮಾಡುತ್ತೆ. ಇವರ ಕಲ್ಲು ಕೆಳಗಡೆ ಇರೋದ್ರಿಂದ ಇದೇ ಸಾಕು."

ಧೈರ್ಯ ತುಂಬಲು ಅವರಾಡಿದ ಮಾತೇ ನನ್ನನ್ನು ಹೆದರಿಸಿತು. ಹಿಂದಿನ ವಾರವಷ್ಟೇ ನನ್ನ ಕಂಪ್ರೆಸರ್ ಬಡಿತಕ್ಕೆ ಒಬ್ಬರ ಪಂಪ್‌ಹೌಸಿನ ಗೋಡೆ ಬಿರುಕು ಬಿಟ್ಟಿತ್ತು. "ಬ್ಯಾಡ ಸಾರ್, ಲೇಸರ್ರೇ ಮಾಡಿಸ್ತೀವಿ" ಎಂದೆ.

"ಎಲ್ಲಾದರೂ ಮಾಡಿಸಿ, ತಡ ಮಾತ್ರ ಮಾಡಬೇಡಿ" ಎಂದರು ಡಾಕ್ಟರು. ಅಕ್ಕ ಒಂದೇ ಮಾತು ಹೇಳಿದಳು: "ನೀನು ಹೆಂಗಂತೀಯೋ ಹಂಗೆ ಕಣಪ್ಪ. ಕಲ್ಲಿನ ಕೆಲಸ ನಿಂಗೆ ಗೊತ್ತೈತೆ."

ಬೆಂಗಳೂರಿನಲ್ಲಿ ತಿಂಗಳು ಬಿಟ್ಟು ದಿನ ಕೊಟ್ಟರು. ಅಷ್ಟರಲ್ಲಿ ಅಕ್ಕನಿಂದ ಫೋನು ಬಂತು. "ನೋವೇ ಇಲ್ಲ ಕಣೋ, ಕಲ್ಲು ಬಿದ್ದು ಹೋಗಿರಬೇಕು." ನನಗೆ ಹಿಗ್ಗೋ ಹಿಗ್ಗು. "ನೋಡಿದ್ಯಾ, ಯಾವ ಮಷಿನ್ನೂ ಬೇಕಾಗ್ಲಿಲ್ಲ!" ಎಂದೆ. ಬೆಂಗಳೂರಿಗೆ ಹೋಗುವುದನ್ನೇ ಬಿಟ್ಟೆವು. ಬಾವಿ ಕೆಲಸದ ಭರಾಟೆಯಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಎಂಟು ತಿಂಗಳ ಮೇಲೆ ಅಕ್ಕನಿಗೆ ಚಳಿಜ್ವರ ಬಂತು. ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ಕಲ್ಲು ಇದ್ದಲ್ಲೇ ಇತ್ತು. ಮೂತ್ರ ಕಟ್ಟಿಕೊಂಡು ಎಡಗಡೆ ಕಿಡ್ನಿ ಪೂರ್ತಿ ಕೆಟ್ಟಿತ್ತು. "ನೋವು ನಿಂತಿದ್ದು ಕಲ್ಲು ಹೋಗಿದ್ದಕ್ಕಲ್ಲ, ಕಿಡ್ನಿ ಕೆಲಸ ನಿಲ್ಲಿಸ್ತಾ ಬಂದಿದ್ದಕ್ಕೆ" ಎಂದರು. ಕೊಯ್ಯುವುದು ಬೇಡವೆಂದಿದ್ದ ಪಕ್ಕೆಯನ್ನೇ ಕೊಯ್ದು ಕಿಡ್ನಿ ತೆಗೆದರು.

ಅಕ್ಕನನ್ನು ಮನೆಗೆ ಕಳಿಸುವ ದಿನ ನಾನು ಡಾಕ್ಟರಿಗೆ ಆ ಮಷಿನ್ ತೋರಿಸಿ ಎಂದು ಕೇಳಿಕೊಂಡೆ. ಅದರ ಕಡ್ಡಿ ಸೈಕಲ್ ಚಕ್ರದ ಕಡ್ಡಿಗಿಂತ ತೆಳ್ಳಗಿತ್ತು. ಅದನ್ನು ನನ್ನ ಬೆರಳ ತುದಿಗೆ ತಾಗಿಸಿ ಒತ್ತಿದರು. ಟಕ್ ಟಕ್ ಎಂದಿತು. ಚರ್ಮ ತರಚಲೂ ಇಲ್ಲ. "ಗಟ್ಟಿ ಇರೋದನ್ನ ಮಾತ್ರ ಒಡೆಯುತ್ತೆ" ಎಂದರು. ಇದನ್ನು ಮೊದಲ ದಿನವೇ ತೋರಿಸಿ ಎನ್ನಲು ನನಗೇನಾಗಿತ್ತು? ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ.

ಅಕ್ಕ ಇವತ್ತಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡು ವರ್ಷದ ಮೇಲೆ ಅವಳ ಪಕ್ಕದ ಮನೆಯವರಿಗೂ ಇದೇ ಕಲ್ಲು ಬಂತು. ನಾನು ಅಕ್ಕನ ಮನೆಗೆ ಹೋಗಿದ್ದ ದಿನ ಯಾವ ಮಷಿನ್ ಒಳ್ಳೆಯದು ಎಂದು ಅವರು ಕೇಳಿದಾಗ ಅಕ್ಕ ಕಿಂಚಿತ್ತೂ ಕೊಂಕಿಲ್ಲದೆ ನನ್ನತ್ತ ಕೈ ತೋರಿಸಿದಳು. "ನಮ್ಮ ತಮ್ಮನ್ನ ಕೇಳ್ರಿ, ಅವನಿಗೆ ಕಲ್ಲಿಂದು ಎಲ್ಲಾ ಗೊತ್ತೈತೆ."