ಸಂಜೆಯಾದರೆ ಸೋಲುವ ಮೈ

ಅಬೆಮಾಮಾ ದ್ವೀಪದಲ್ಲಿ ಬೀರಿಬೋನಷ್ಟು ಅಚ್ಚುಕಟ್ಟಾಗಿ ನೀರಾ ಇಳಿಸುವವನು ಇನ್ನೊಬ್ಬನಿರಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಏಳು ತೆಂಗಿನ ಮರ ಹತ್ತಿ, ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತಿ, ತುಂಬಿದ ಸೀಸೆ ಬಿಚ್ಚಿ ಖಾಲಿಯದನ್ನು ಕಟ್ಟಿ ಇಳಿಯುತ್ತಿದ್ದ. ಮಕ್ಕಳು ಕುಡಿದು ಉಳಿದದ್ದನ್ನು ಹೆಂಡತಿ ಅಕೆನೇತೆ ಕಾಯಿಸಿ ಜೋನಿ ಬೆಲ್ಲ ಮಾಡುತ್ತಿದ್ದಳು. ಹುಳಿ ಬಂದ ಕಳ್ಳನ್ನು ಮಾತ್ರ ಅವನು ನಾಲಿಗೆಗೂ ತಾಗಿಸಿದವನಲ್ಲ. ಅವನ ಅಪ್ಪ ಕುಡಿದು ಮರ ಹತ್ತಿ, ಬಿದ್ದು ಸತ್ತಿದ್ದ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವನ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಬೆಳಿಗ್ಗೆ ಸರಿಯಾಗಿರುತ್ತಿತ್ತು, ಹೊತ್ತು ಇಳಿದಂತೆ ಅದೂ ಇಳಿಯುತ್ತಿತ್ತು. ಆಮೇಲೆ ಒಂದು ಸೀಸೆ ಎರಡಾಗಿ ಕಾಣತೊಡಗಿತು. ಚಾಕು ಹೊಂಬಾಳೆ ಬಿಟ್ಟು ಹೆಬ್ಬೆರಳಿಗೆ ತಾಗಿತು. ಸಂಜೆಯ ಮಾತು ಮೂಗಿನಲ್ಲಿ ಬರತೊಡಗಿ, ನಾಲಿಗೆ ತೊದಲಿತು.

ಕಳ್ಳಿನ ಮರದಿಂದ ಇಳಿದವನ ಕಣ್ಣು ಮುಚ್ಚಿಕೊಂಡಿದ್ದು ಮಾತು ತೊದಲಿದರೆ ಜನ ಏನೆಂದುಕೊಳ್ಳುತ್ತಾರೆ? ಒಂದು ಸಂಜೆ ಊರ ಚಾವಡಿಯಲ್ಲಿ, ತನ್ನ ಮನೆತನಕ್ಕೆ ಮೀಸಲಾದ ಜಾಗದಲ್ಲಿ ಕೂತು ಬೀರಿಬೋ ಊರಿಗೆ ಹೊಸ ಬಾವಿ ತೋಡುವ ವಿಷಯ ಮಾತಾಡಲು ಬಾಯಿ ತೆರೆದ. ಹಿರಿಯ ಕೈತಾರಾ ಕೈಯೆತ್ತಿ ತಡೆದ.

"ಸಾಕು ಮಾರಾಯ. ಅಮಲು ಇಳಿದ ಮೇಲೆ ಬಾ. ಇದು ಚಾವಡಿ, ನಿನ್ನ ಮರದ ಬುಡ ಅಲ್ಲ."

"ನಾನು ಕುಡಿದಿಲ್ಲ ಅಜ್ಜ."

ಆ ಮಾತೂ ತೊದಲಿಯೇ ಬಂತು. ಚಾವಡಿ ತುಂಬ ನಗು. "ಅಪ್ಪನ ಮಗನೇ ಸೈ," ಎಂದ ಯಾರೋ ಹಿಂದಿನಿಂದ.

ಮನೆಗೆ ಬಂದಾಗ ಅಕೆನೇತೆ ಹತ್ತಿರ ಬಂದು ಅವನ ಬಾಯಿ ಮೂಸಿದಳು. ವಾಸನೆ ಇರಲಿಲ್ಲ. ಆದರೆ ಮೂಸಿದಳಲ್ಲ, ಅದು ಚಾವಡಿಯ ನಗುವಿಗಿಂತ ಹೆಚ್ಚಾಗಿ ಅವನನ್ನು ಇರಿಯಿತು.

ತಿಂಗಳು ಕಳೆಯುವಷ್ಟರಲ್ಲಿ ಅವನು ಮರದ ಮೇಲೇ ಸಿಕ್ಕಿಬಿದ್ದ. ಹತ್ತಿದ್ದೇನೋ ಹೌದು, ಇಳಿಯಲು ತೋಳು ಏಳಲಿಲ್ಲ. ಅಕೆನೇತೆಯ ತಮ್ಮ ತೋಮಾ ಹಗ್ಗ ಹಿಡಿದು ಹತ್ತಿ, ಅವನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದ. "ಕಲ್ಲಿನ ಹಾಗಿದ್ದ ಭಾವ ಅರಿವೆಯ ಹಾಗಾಗಿದ್ದಾನೆ ಅಕ್ಕ," ಎಂದು ಅಳುತ್ತ ಹೇಳಿದ. ಆ ಸಂಜೆ ಕುಡಿದ ಮೀನಿನ ಸಾರು ಮೂಗಿನಿಂದ ಹೊರಬಂತು.

ಅಕೆನೇತೆ ಗಂಡನನ್ನು ವಿಮಾನ ಹತ್ತಿಸಿ ರಾಜಧಾನಿ ತರಾವಾಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಬೇತಿಯೋದಲ್ಲಿ ಅವಳ ಅಕ್ಕನ ಮನೆಯಿತ್ತು. ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಅವನ ಕಣ್ಣು ತೆರೆದಿರುತ್ತಿತ್ತು, ಹಿಡಿತ ಗಟ್ಟಿಯಾಗಿರುತ್ತಿತ್ತು. ಎರಡು ಸಲ "ಏನೂ ಇಲ್ಲ, ಮಲಗಿ ಸುಧಾರಿಸಿಕೋ" ಎಂದು ಕಳಿಸಿದರು. ಮೂರನೆಯ ದಿನ ಅಕೆನೇತೆ ಅವನನ್ನು ಬಿಸಿಲಲ್ಲಿ ನಡೆಸಿ, ಮಾತಾಡಿಸಿ ದಣಿಸಿ, ಮಧ್ಯಾಹ್ನ ನಾಲ್ಕಕ್ಕೆ ಎಳೆದುಕೊಂಡು ಹೋದಳು.

"ಈಗ ನೋಡಿ ಡಾಕ್ಟರಮ್ಮ. ಬೆಳಿಗ್ಗೆ ನಿಮ್ಮವರು ನೋಡಿದ್ದು ಬೇರೆ ಗಂಡಸು."

ಅಂದು ಇದ್ದವಳು ತಿಯೇನಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಅವಳು ಮಂಜುಗಡ್ಡೆಯ ಚೂರೊಂದನ್ನು ಬಟ್ಟೆಯಲ್ಲಿ ಸುತ್ತಿ, ಜೋತುಬಿದ್ದ ರೆಪ್ಪೆಯ ಮೇಲೆ ಎರಡು ನಿಮಿಷ ಒತ್ತಿ ಹಿಡಿದಳು. ತೆಗೆದಾಗ ಕಣ್ಣು ತೆರೆದುಕೊಂಡಿತು. ಅಕೆನೇತೆ "ದೇವರೇ" ಎಂದು ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಮುಚ್ಚಿತು.

ರಕ್ತ ಪರೀಕ್ಷೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ಉತ್ತರ ಬರಲು ಐದು ವಾರ ಹಿಡಿಯಿತು. ಮಯಸ್ತೇನಿಯಾ ಎಂಬ ಸ್ನಾಯು ಸೋಲುವ ರೋಗ ಎಂದಿತ್ತು.

"ಕೈ ಎತ್ತು ಅಂತ ನರ ಹೇಳಿಕಳಿಸುತ್ತೆ," ಎಂದು ತಿಯೇನಾ ವಿವರಿಸಿದಳು. "ಸ್ನಾಯು ಕೇಳಿಸಿಕೊಳ್ಳಬೇಕಲ್ಲ, ಆ ಜಾಗದಲ್ಲೇ ಕೆಡುಕಾಗಿದೆ. ರೋಗ ಬಂದರೆ ಹೊಡೆದೋಡಿಸೋಕೆ ಮೈಯೊಳಗೆ ಕಾವಲು ಇರುತ್ತೆ ನೋಡಿ, ಅದು ತಪ್ಪು ತಿಳಿದು ಆ ಜಾಗಕ್ಕೇ ಹೊಡೀತಿದೆ. ಮೊದಮೊದಲು ನರದ ಮಾತು ದಾಟುತ್ತೆ, ಬಳಸಿದಷ್ಟೂ ದಾಟೋದು ಕಡಿಮೆ. ಅದಕ್ಕೇ ಸಂಜೆಗೆ ಸೋಲು."

"ಯಾರು ಮಾಡಿಸಿದ್ದು?" ಎಂದ ಬೀರಿಬೋ.

"ಯಾರೂ ಅಲ್ಲ ಅಣ್ಣ. ನಿಮ್ಮ ಮೈಯೇ."

ಮಾಟವಾಗಿದ್ದರೆ ಒಬ್ಬ ವೈರಿ ಇರುತ್ತಿದ್ದ. ಹೋಗಿ ಕೇಳಬಹುದಿತ್ತು, ಕಾಲಾದರೂ ಹಿಡಿಯಬಹುದಿತ್ತು. ತನ್ನೊಳಗೇ ಇರುವವನ ಹತ್ತಿರ ಏನು ಕೇಳುವುದು?

ಮಾತ್ರೆ ಕೊಟ್ಟರು. ನುಂಗಿದ ಅರ್ಧ ಗಂಟೆಗೆ ಮೈ ಮೊದಲಿನಂತಾಗುತ್ತಿತ್ತು, ನಾಲ್ಕು ಗಂಟೆಯಲ್ಲಿ ಮತ್ತೆ ಕುಸಿಯುತ್ತಿತ್ತು. ಊರಿಗೆ ಮರಳಿದ ಮೇಲೆ ಅಕೆನೇತೆ ಚಾವಡಿಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಕೈತಾರಾ ತಲೆ ತಗ್ಗಿಸಿ, "ನಮಗೇನು ಗೊತ್ತು ತಾಯಿ, ಕಣ್ಣಿಗೆ ಕಂಡದ್ದು ಆಡಿದೆವು," ಎಂದ. ಯಾರೂ ನಗಲಿಲ್ಲ. ಯಾರೂ ಬೀರಿಬೋನ ಕಡೆ ನೋಡಲೂ ಇಲ್ಲ. ಏಳು ಮರಗಳು ತೋಮಾನ ಪಾಲಾದವು.

ಮರುವರ್ಷ ವಿಮಾನ ಕೆಟ್ಟು ಮೂರು ವಾರ ಬರಲಿಲ್ಲ, ಮಾತ್ರೆ ಮುಗಿಯಿತು. ಹದಿನೆಂಟನೆಯ ದಿನ ಬೀರಿಬೋ ಎಂಜಲನ್ನೂ ನುಂಗಲಾರದೆ ಹೋದ. ಉಸಿರು ಮೇಲೆ ಮೇಲೆ ಆಡಿತು. ದೋಣಿಯಲ್ಲಿ ತರಾವಾಕ್ಕೆ ಒಯ್ಯುವಾಗ ಊರಿನ ನರ್ಸ್ ದಾರಿಯುದ್ದಕ್ಕೂ ರಬ್ಬರ್ ಚೀಲ ಹಿಸುಕಿ ಅವನ ಎದೆಗೆ ಗಾಳಿ ತುಂಬಿದಳು. ಬದುಕಿದ. ಆದರೆ ತಿಯೇನಾ ಖಡಾಖಂಡಿತವಾಗಿ ಹೇಳಿದಳು: "ಇನ್ನು ಆಸ್ಪತ್ರೆ ಬಿಟ್ಟು ದೂರ ಇರೋ ಹಾಗಿಲ್ಲ."

ಹಾಗಾಗಿ ಅವನೀಗ ಬೇತಿಯೋದಲ್ಲಿ, ಹೆಂಡತಿಯ ಅಕ್ಕನ ಮನೆಯ ಹಿಂದಿನ ಚಪ್ಪರದಲ್ಲಿ ಇದ್ದಾನೆ. ಹದಿನಾಲ್ಕು ಜನರ ಮನೆ. ಸುತ್ತ ತಗಡಿನ ಗೋಡೆ. ಬೆಳಿಗ್ಗೆ ಬಲೆ ಹೆಣೆಯುತ್ತಾನೆ, ಮಧ್ಯಾಹ್ನ ಮಲಗುತ್ತಾನೆ. ಸಂಜೆಗೆ ಉಳಿಯುವುದು ಒಂದಿಷ್ಟೇ ಶಕ್ತಿ: ಮಾತಾಡಿದರೆ ಅಗಿಯಲಾಗದು, ಅಗಿದರೆ ಮಾತಾಡಲಾಗದು.

ಮೊನ್ನೆ ಸಂಜೆ ತೋಮಾ ಊರಿನಿಂದ ಬಂದಿದ್ದ. ಅಕೆನೇತೆ ಗಂಜಿಯ ಬಟ್ಟಲು ಹಿಡಿದು ಗಂಡನನ್ನು ಕೇಳಿದಳು: "ಊಟ ಮಾಡ್ತೀಯೋ, ಇವನ ಹತ್ತಿರ ಮಾತಾಡ್ತೀಯೋ?"

ಬೀರಿಬೋ ಗಲ್ಲಕ್ಕೆ ಕೈ ಆನಿಸಿಕೊಂಡು, ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಬಾವಿ ತೋಡಿದರಾ?" ಎಂದ, ಮೂಗಿನ ದನಿಯಲ್ಲಿ. ಇನ್ನೂ ಇಲ್ಲವೆಂದು ತೋಮಾ ಹೇಳಿದ. ಬೀರಿಬೋ ಮತ್ತೊಂದು ಕೇಳಲು ಬಾಯಿ ತೆರೆದ, ದನಿ ಬರಲಿಲ್ಲ. ಅಕೆನೇತೆ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಟ್ಟಳು.