ಕೋಟಿನ ಅಸ್ತರಿನಲ್ಲಿ ಹೊಲಿದಿಟ್ಟ ಬೆಂಕಿ

ಚಳಿಗೆ ಸಾಯಲು ಹಿಮ ಬೀಳಬೇಕಾಗಿಲ್ಲ. ಮೈ ನೆಂದಿರಬೇಕು, ಗಾಳಿ ಬೀಸುತ್ತಿರಬೇಕು, ಅಷ್ಟೇ ಸಾಕು. ನೀರು ಸರಬರಾಜು ಕಚೇರಿಯ ಮೇಲಿನ ಮಹಡಿಯಲ್ಲಿ ಕೂತವರಿಗೂ ಇದು ಗೊತ್ತಿತ್ತು. ಅದಕ್ಕೇ ಗುಡ್ಡದ ಪೈಪ್‌ಲೈನ್ ನೋಡಲು ಹೋಗುವವರಿಗೆ ಒಂದೊಂದು ತಗಡಿನ ತುರ್ತು ಪೆಟ್ಟಿಗೆ ಕೊಟ್ಟಿದ್ದರು. ಒಳಗೆ ಬೆಂಕಿಪೊಟ್ಟಣ, ಮೇಣದಬತ್ತಿ, ಬ್ಯಾಂಡೇಜು, ಮುಚ್ಚಳಕ್ಕೆ ಸೀಲ್. ವರ್ಷಕ್ಕೊಮ್ಮೆ ತಪಾಸಣೆಯವರು ಬರುತ್ತಿದ್ದರು, ಸೀಲ್ ನೋಡುತ್ತಿದ್ದರು, ಸಹಿ ಹಾಕಿ ಹೋಗುತ್ತಿದ್ದರು. ಪೆಟ್ಟಿಗೆಯ ಒಳಗೆ ಏನಾಗಿದೆ ಎಂದು ಯಾರೂ ಕೇಳಲಿಲ್ಲ.

ಕೇಳಿದವಳು ಸ್ಟೋರಿನ ಅಕ್ಕ ಒಬ್ಬಳೇ. ಇಪ್ಪತ್ತೆರಡು ವರ್ಷದಿಂದ ಆಕೆ ಕೂತಿರುವುದು ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಎದುರಿಗೆ ತಂತಿ ಬಲೆಯ ಕೌಂಟರು, ಹಿಂದೆ ವಾಷರು, ನಟ್ಟು, ವಾಲ್ವುಗಳ ಕಪಾಟು, ಎಲ್ಲದಕ್ಕೂ ಗ್ರೀಸಿನ ವಾಸನೆ. ಎಂಟು ವರ್ಷದ ಹಿಂದೆ ಮಳೆಗೆ ಸ್ಟೋರಿನ ಸೂರು ಸೋರಿ ಪೆಟ್ಟಿಗೆಗಳ ಮೇಲೆ ನೀರು ನಿಂತಿತು. ಆಕೆಗೆ ಅನುಮಾನ ಬಂತು. ಒಂದರ ಸೀಲ್ ಕಿತ್ತು ಕಡ್ಡಿ ಗೀರಿದಳು. ಹನ್ನೊಂದು ಕಡ್ಡಿ ಗೀರಿದಳು. ಒಂದೂ ಹೊತ್ತಲಿಲ್ಲ. ಮೇಲಕ್ಕೆ ಬರೆದಳು. ಮೇಲಿನಿಂದ ಉತ್ತರವೂ ಬಂತು: ಅನುಮತಿಯಿಲ್ಲದೆ ಸೀಲ್ ಒಡೆದದ್ದೇಕೆ, ಮೂರು ದಿನದೊಳಗೆ ಕಾರಣ ತಿಳಿಸಿ.

ಆಕೆ ಕಾರಣ ತಿಳಿಸಿದಳು, ತಲೆತಗ್ಗಿಸಿ ಬಂದಳು, ಮತ್ತೆ ಮೇಲಕ್ಕೆ ಬರೆಯಲಿಲ್ಲ. ಸ್ಟೋರಿನ ಹಿಂದೆ ಒಂದು ಬಕೆಟ್ ನೀರು ಇಟ್ಟುಕೊಂಡಳು. ಊಟದ ಬಿಡುವಿನಲ್ಲಿ ಸಿಕ್ಕಿದ್ದೆಲ್ಲವನ್ನೂ ಅದರಲ್ಲಿ ಅದ್ದಿ ತೆಗೆದು ಹೊತ್ತಿಸಿ ನೋಡುವುದು ಆಕೆಯ ಹುಚ್ಚಾಯಿತು. ಕಾಗದ ಕೈಕೊಟ್ಟಿತು. ವ್ಯಾಸಲೀನ್ ತಿಕ್ಕಿದ ಹತ್ತಿ ನೀರಲ್ಲಿ ಮುಳುಗೆದ್ದರೂ ಹಿಂಜಿದರೆ ಹೊತ್ತಿಕೊಂಡು ನಾಲ್ಕೈದು ನಿಮಿಷ ಉರಿಯಿತು. ಸೈಕಲ್ ಟ್ಯೂಬಿನ ಪಟ್ಟಿ ಒದ್ದೆಯಿದ್ದರೂ ಕಪ್ಪು ಹೊಗೆ ಬಿಟ್ಟುಕೊಂಡು ಉರಿಯಿತು. ನೆಂದ ಲೈಟರ್ ಮೊದಲು ಮುಷ್ಕರ ಹೂಡಿತು. ನೀರು ಕೊಡವಿ, ಊದಿ, ಚಕ್ರವನ್ನು ಪ್ಯಾಂಟಿಗೆ ಉಜ್ಜಿದರೆ ದಾರಿಗೆ ಬಂತು. 'ಬಕೆಟ್ ಅಕ್ಕ' ಎಂದು ಹೆಸರು ಬಿತ್ತು. ಮೇಲಿನವರಿಗೆ ಎಂದೂ ಬಕೆಟ್ ಹಿಡಿಯದ ಹೆಂಗಸಿಗೆ ಆ ಹೆಸರು!

ಆಮೇಲೆ ಕೋಟುಗಳ ಸರದಿ. ಇಲಾಖೆಯ ಮಳೆಕೋಟು ರಿಪೇರಿಗೆ ಬಂದಾಗಲೆಲ್ಲ ಅಸ್ತರಿನೊಳಗೆ ಒಂದು ಗುಳಿಗೆ ಬಾಟಲಿ ಸೇರಿಸಿ ಹೊಲಿಯತೊಡಗಿದಳು. ಒಳಗೆ ಲೈಟರ್, ಎರಡು ಹತ್ತಿ ಉಂಡೆ, ಟ್ಯೂಬಿನ ಪಟ್ಟಿ, ಮಡಚಿದ ಒಂದು ಚೀಟಿ. ಮುಚ್ಚಳದ ಸುತ್ತ ಮೇಣ.

ಹಿರಿಯ ಫಿಟ್ಟರ್ ಮೂದಲಿಸಿದ. ನಿಮಿಷ ತಪ್ಪದ, ನಿಯಮ ತಪ್ಪದ ಆತನನ್ನು ಎಲ್ಲರೂ ಕರೆಯುವುದು ಗಡಿಯಾರ ಎಂದು. "ಏನಕ್ಕಾ ಇದು, ನಡೆದ್ರೆ ಪಕ್ಕೆಗೆ ಚುಚ್ಚುತ್ತೆ. ಪೆಟ್ಟಿಗೆ ಇದೆಯಲ್ಲ?"

"ಪೆಟ್ಟಿಗೆ ಚೀಲದಲ್ಲಿರುತ್ತೆ. ಚೀಲ ಹೊಳೇಲಿ ಹೋದ್ರೆ?"

ಅದೇ ಲೈನಿನಲ್ಲಿ ಕೆಲಸ ಮಾಡುತ್ತಿದ್ದ ಅಕ್ಕನ ಸ್ವಂತ ತಮ್ಮನೂ ಬಿಡಲಿಲ್ಲ. "ಮನೇಲಿ ಒಲೆ ಹಚ್ಚೋಕೆ ಭಾವನ್ನ ಕೂಗ್ತಾಳೆ, ಇಲ್ಲಿ ನಮಗೆ ಪಾಠ!"

"ನಗು, ನಗು. ಹಲ್ಲು ಕಟಕಟ ಅನ್ನುವಾಗ ನೆನಪಾಗ್ತೀನಿ," ಎಂದಳು ಅಕ್ಕ. ತಮ್ಮ ತನ್ನ ಕೋಟಿನ ಹೊಲಿಗೆ ಬಿಚ್ಚಿ ಬಾಟಲಿಯನ್ನು ಕೌಂಟರಿನ ಮೇಲಿಟ್ಟು ಹೋದ. ಗಡಿಯಾರ ಮಾತ್ರ, ಸರ್ಕಾರಿ ಕೋಟಿನ ಹೊಲಿಗೆ ಬಿಚ್ಚಬಾರದೆಂದು, ಹಾಗೇ ಬಿಟ್ಟ.

ಹೋದ ವರ್ಷ ಒಂದು ಬೆಳಿಗ್ಗೆ ಇವರಿಬ್ಬರೇ ಗುಡ್ಡದ ವಾಲ್ವು ತಿರುಗಿಸಲು ಹೋದರು. ಜಿಟಿಜಿಟಿ ಮಳೆ. ಹಿಂದಿರುಗುವಾಗ, ನಡುಹಗಲಿನಲ್ಲಿ, ತೊರೆಗೆ ಹಾಸಿದ್ದ ಹಲಗೆ ಜಾರಿತು. ತಮ್ಮ ಕುತ್ತಿಗೆವರೆಗೆ ಮುಳುಗಿದ. ಎಳೆದು ದಡಕ್ಕೆ ಹಾಕಿದಾಗ ಗಡಗಡ ನಡುಗುತ್ತಿದ್ದ. ಊರಿಗೆ ಇನ್ನೂ ಎರಡು ತಾಸಿನ ದಾರಿ.

ಗಡಿಯಾರ ಅವನನ್ನು ಬಂಡೆಯ ಮರೆಗೆ ಸೇರಿಸಿದ. ಒದ್ದೆ ಅಂಗಿ ಕಳಚಿ ತನ್ನ ಸ್ವೆಟರ್ ತೊಡಿಸಿದ. ಪೆಟ್ಟಿಗೆ ಹೊರತೆಗೆದ. ತೆಗೆದವನು ಸೀಲ್ ನೋಡುತ್ತ ಕೂತ. ಒಡೆದರೆ ಬರೆದುಕೊಡಬೇಕಲ್ಲ! ಹತ್ತು ನಿಮಿಷ ಕೈಕಾಲು ತಿಕ್ಕಿ ನೋಡಿದ. ಇಪ್ಪತ್ತೊಂಬತ್ತು ವರ್ಷದ ನೌಕರಿ ಒಬ್ಬ ಒಳ್ಳೆಯ ಮನುಷ್ಯನನ್ನು ಏನು ಮಾಡಿಬಿಡುತ್ತದೆ ನೋಡಿ.

"ಅಣ್ಣಾ, ಈಗ ಬೆಚ್ಚಗಿದೆ. ಸ್ವಲ್ಪ ಮಲಗ್ತೀನಿ," ಎಂದ ತಮ್ಮ. ನಾಲಿಗೆ ತೊದಲುತ್ತಿತ್ತು. ನಡುಕ ನಿಂತಿತ್ತು. ಗಡಿಯಾರನಿಗೆ ತಿಳಿದುಹೋಯಿತು. ಅದು ಬೆಚ್ಚಗಾಗಿ ನಿಂತ ನಡುಕವಲ್ಲ, ಮೈ ಸೋತು ನಿಂತದ್ದು. ಸೀಲ್ ಕಿತ್ತ. ಕಡ್ಡಿಯ ಮದ್ದು ಹಸಿಮಣ್ಣಿನಂತೆ ಪೊಟ್ಟಣಕ್ಕೆ ಮೆತ್ತಿಕೊಂಡಿತು.

ಆಗ ಪಕ್ಕೆಗೆ ಏನೋ ಚುಚ್ಚಿತು.

ಹಲ್ಲಿನಿಂದಲೇ ಹೊಲಿಗೆ ಹರಿದ. ಅವಸರಕ್ಕೆ ಬಿದ್ದು ಒಂದು ಹತ್ತಿ ಉಂಡೆ ಹೊತ್ತಿಸಿಬಿಟ್ಟ. ಮೇಲೆ ಹಾಕಲು ಒಣಕಡ್ಡಿಯನ್ನೇ ಕೂಡಿಸಿಲ್ಲ! ಅದು ಉರಿದು ಬೂದಿಯಾಯಿತು. ಉಳಿದದ್ದು ಒಂದು. ಆಗ ಚೀಟಿ ಬಿಡಿಸಿದ: "ಮೊದಲು ಒಣಕಡ್ಡಿ ಕೂಡಿಸು, ಆಮೇಲೆ ಬೆಂಕಿ. ನೆಲದ್ದು ಬೇಡ. ಮರದಲ್ಲೇ ಒಣಗಿ ನಿಂತ ಕೆಳಗಿನ ಕೊಂಬೆ ಮುರಿ, ಲಟಕ್ ಅನ್ನಬೇಕು. ದಪ್ಪನೆಯದನ್ನು ಸೀಳು, ಒಳಗೆ ಒಣಗಿರುತ್ತೆ. ಒದ್ದೆ ನೆಲದ ಮೇಲೆ ಕಟ್ಟಿಗೆ ಹಾಸು. ಬೆನ್ನು ಗಾಳಿಗೆ ಕೊಡು. ಕೈ ನಡುಗಿದ್ರೆ ಕಂಕುಳಲ್ಲಿ ಇಟ್ಕೋ."

ಚೀಟಿ ಹೇಳಿದಂತೆ ಮಾಡಿದ. "ಲೇ, ಮಲಗಬೇಡ್ವೋ! ನಿನ್ನಕ್ಕನಿಗೆ ಮುಖ ತೋರಿಸೋದು ಹೇಗೆ ನಾನು? ಮಾತಾಡ್ತಾ ಇರು, ಬೇಕಾದ್ರೆ ನನ್ನನ್ನೇ ಬೈ!" ಎಂದು ಕೂಗುತ್ತಲೇ ಕೊಂಬೆ ಮುರಿದ, ಚಾಕುವಿನಿಂದ ಸೀಳಿದ. ಬೆಂಕಿಕಡ್ಡಿಯಷ್ಟು ಸಣ್ಣವು ಒಂದು ಕಡೆ, ಹೆಬ್ಬೆರಳು ದಪ್ಪದವು ಇನ್ನೊಂದು ಕಡೆ. ಎಲ್ಲ ಕೈಗೆಟುಕುವಂತಾದ ಮೇಲೆ ಎರಡನೆಯ ಉಂಡೆ ಹಿಂಜಿ, ಟ್ಯೂಬಿನ ಪಟ್ಟಿಗೆ ಒತ್ತಿ ಹೊತ್ತಿಸಿದ. ಹಿಡಿಯಿತು.

ಅರ್ಧ ತಾಸಿಗೆ ತಮ್ಮ ಮತ್ತೆ ನಡುಗತೊಡಗಿದ. ನಡುಕ ಕಂಡು ಗಡಿಯಾರ ಅತ್ತನಂತೆ. ಸಂಜೆ ಬೆಳಕಿರುವಾಗಲೇ ಇಬ್ಬರೂ ಇಳಿದು ಬಂದರು.

ಮರುದಿನ ಗಡಿಯಾರ ಕೌಂಟರಿನ ಮೇಲೆ ಕೋಟು ಇಟ್ಟ. "ಅಕ್ಕಾ, ಹೊಲಿಗೆ ಬಿಟ್ಟಿದೆ."

"ಬರೀ ಹೊಲಿಯಲಾ, ಚುಚ್ಚೋ ಹಾಗೆ ಹೊಲಿಯಲಾ?"

"ಚುಚ್ಚಲಿ ತಾಯೀ. ಚೆನ್ನಾಗಿ ಚುಚ್ಚಲಿ."

ಹಿಂದೆಯೇ ತಮ್ಮ ಬಂದ. ತನ್ನ ಕೋಟನ್ನೂ ಅದರ ಮೇಲಿಟ್ಟ.

ಕಚೇರಿ ಮಾತ್ರ ತನ್ನ ಕರ್ತವ್ಯ ಮರೆಯಲಿಲ್ಲ. ಸೀಲ್ ಒಡೆದದ್ದಕ್ಕೆ ಗಡಿಯಾರನಿಗೊಂದು, ಸರ್ಕಾರಿ ಕೋಟು ಕೆಡಿಸಿದ್ದಕ್ಕೆ ಅಕ್ಕನಿಗೊಂದು ನೋಟಿಸು ಕಳಿಸಿತು. ಒಂದು ಹೊಸ ಸೀಲನ್ನೂ ಕಳಿಸಿತು. ಕಪಾಟಿನಲ್ಲಿ ಉಳಿದ ಪೆಟ್ಟಿಗೆಗಳು ಇವತ್ತಿಗೂ ಭದ್ರವಾಗಿವೆ. ಒಳಗೆ ಅದೇ ಹಸಿಮಣ್ಣು.

ಅಯ್ಯೋ ಪಾಪ ಎಂದು ಪುಟ ಮಗುಚಬೇಡಿ. ನಿಮ್ಮ ಕಾರ್ಖಾನೆಯಲ್ಲಿ, ಶಾಲೆಯಲ್ಲಿ, ಗಾಡಿಯ ಸೀಟಿನ ಕೆಳಗೆ ಇಂಥದ್ದೊಂದು ಪೆಟ್ಟಿಗೆ ಇದ್ದೇ ಇದೆ. ಏಳಿ. ಹೋಗಿ ಅದರ ಸೀಲ್ ಒಡೆಯಿರಿ. ಒಂದು ಕಡ್ಡಿ ಗೀರಿ ನೋಡಿ.