ನಡುಮನೆಯಿಂದ ಹೊರಟ ಸಿಟಿ ಬಸ್ಸು

ಸೈಕಲ್ ಬಿಟ್ಟರೆ ನನಗೆ ಬೇರೆ ಯಾವ ವಾಹನವೂ ಓಡಿಸಲು ಬರುವುದಿಲ್ಲ. ಸೈಕಲ್ಲನ್ನೂ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗುವವನು. ಇಂಥ ನಾನು ಒಂದು ಕಾಲದಲ್ಲಿ ಕಾರು, ಲಾರಿ, ಆಟೋಗಳನ್ನು ತಯಾರಿಸುತ್ತಿದ್ದೆ ಎಂದರೆ ನೀವು ನಗುತ್ತೀರಿ. ಸಂಕೋಚವಿಲ್ಲದೆ ನಗಿ. ನನ್ನ ಹೆಂಡತಿ ವಸಂತಾ ಇವತ್ತಿಗೂ ನಗುತ್ತಾಳೆ.

ಆ ವಾಹನಗಳು ಓಡುತ್ತಿದ್ದುದು ಕಂಪ್ಯೂಟರಿನೊಳಗೆ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ, ವಿಮಾ ಕಚೇರಿಯ ಗುಮಾಸ್ತನಾಗಿದ್ದ ನಾನು ಒಂದು ಕಂಪ್ಯೂಟರ್ ತಂದು ಲಿಂಗರಾಜಪುರದ ನಮ್ಮ ನಡುಮನೆಯಲ್ಲಿ ಇಟ್ಟೆ. ಕಚೇರಿಯ ಕೆಲಸ ಕಲಿಯುವುದಕ್ಕೆ ಎಂದು ಮನೆಯಲ್ಲಿ ಹೇಳಿದ್ದೆ. ಅದರಲ್ಲಿ ಒಂದು ಆಟವಿತ್ತು. ಯಾವುದೋ ಪರದೇಶದ ದೊಡ್ಡ ಊರು. ಗೆಲ್ಲಲೇಬೇಕೆಂಬ ಗೊಡವೆಯಿಲ್ಲದೆ ಅಲ್ಲಿ ಸುಮ್ಮನೆ ಸುತ್ತಬಹುದು, ಸಿಕ್ಕ ಗಾಡಿ ಹತ್ತಿ ಓಡಿಸಬಹುದು. ಅದಕ್ಕಿಂತ ಸೋಜಿಗವೆಂದರೆ, ಆಟದ ಹೊಟ್ಟೆ ಬಿಚ್ಚಿ ಅವರು ಇಟ್ಟ ಕಾರನ್ನು ತೆಗೆದು ನಾವು ಮಾಡಿದ ಕಾರನ್ನು ಇಡಬಹುದಿತ್ತು. ಇದನ್ನು ನನಗೆ ಕಲಿಸಿದವರು ಶಿವಾಜಿನಗರದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ ಅಮ್ಜದ್ ಭಾಯ್. ಎಲ್ಲೆಲ್ಲಿಯದೋ ಜನ ಹೀಗೆ ತಾವು ಮಾಡಿದ ಮನೆ, ಅಂಗಡಿ, ಗಾಡಿಗಳನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಂಚುತ್ತಿದ್ದರು. ನಾನೂ ಒಂದು ಆಟೋ ಮಾಡಿ ಹಂಚಿದೆ. ಬ್ರೆಜಿಲ್ಲಿನವನೊಬ್ಬ ಅದನ್ನು ಇಳಿಸಿಕೊಂಡು, ನಾಲ್ಕನೇ ಚಕ್ರ ಹಾಕುವುದನ್ನು ಮರೆತಿದ್ದೀರಿ ಎಂದು ಬಹಳ ವಿನಯದಿಂದ ಬರೆದಿದ್ದ.

ಹಾಗೆ ನೋಡಿದರೆ ನಮಗೆ ಇದು ಹೊಸ ವಿದ್ಯೆಯೇನಲ್ಲ. ಕೊಂಡದ್ದನ್ನು ಕೊಂಡ ಹಾಗೆಯೇ ಬಳಸುವವರು ಕಂಟೋನ್ಮೆಂಟಿನಲ್ಲಿ ಯಾರಿದ್ದಾರೆ? ಹೊಸ ಪ್ಯಾಂಟು ಅಂಗಡಿಯಿಂದ ನೇರವಾಗಿ ಆಲ್ಟ್ರೇಷನ್ ಟೈಲರ್ ಹತ್ತಿರ ಹೋಗುತ್ತದೆ. ಹೊಸ ಆಟೋ ಸೀಟು ಹೊಲಿಸಿಕೊಂಡು, ಕನ್ನಡಿಗೆ ಕುಚ್ಚು ಕಟ್ಟಿಸಿಕೊಂಡ ಮೇಲೆಯೇ ರಸ್ತೆಗೆ ಇಳಿಯುತ್ತದೆ. ಹಲಸೂರಿನ ದೇವಸ್ಥಾನದಲ್ಲಿ ನಾನು ಕೇಳಿದ ಹರಿಕಥೆಯೊಂದರಲ್ಲಿ ದಾಸರು ಮದುವೆಗೆ ಹೊರಟ ದೇವರ ರಥವನ್ನು ಹಲಸೂರು ಬಜಾರಿನ ಗದ್ದಲದಲ್ಲಿ ಅರ್ಧ ಗಂಟೆ ನಿಲ್ಲಿಸಿಬಿಟ್ಟಿದ್ದರು. ಅತ್ತ ಮದುವೆಹೆಣ್ಣು ಹಾರ ಹಿಡಿದು ಕಾಯುತ್ತಿದ್ದಾಳೆ, ಇತ್ತ ರಥಕ್ಕೆ ಬಾಳೆಕಾಯಿ ಗಾಡಿ ಅಡ್ಡ ನಿಂತಿದೆ. ಮೂಲದಲ್ಲಿ ಬಾಳೆಕಾಯಿ ಗಾಡಿ ಎಲ್ಲಿದೆ ಸ್ವಾಮಿ ಎಂದು ಯಾರೂ ಕೇಳಲಿಲ್ಲ. ಪರರ ಕಥೆಯೊಳಗೆ ನಮ್ಮ ಬೀದಿ ಬಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ?

ನನ್ನ ಕಾರ್ಖಾನೆ ಹೀಗೆ ನಡೆದಿರುವಾಗ ವಸಂತಾಳ ತಂದೆ ಮುನಿಯಪ್ಪನವರು ನಮ್ಮ ಮನೆಗೆ ಬಂದರು. ದೊಡ್ಡನೆಕ್ಕುಂದಿಯ ಒಕ್ಕಲು ಮನೆತನ ಅವರದು. ಅಣ್ಣತಮ್ಮಂದಿರು ಹೊಲ ನೋಡಿಕೊಂಡರೆ ಇವರು ಸ್ಟಿಯರಿಂಗ್ ಹಿಡಿದು, ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ವರ್ಷಗಟ್ಟಲೆ ಸಿಟಿ ಬಸ್ ಓಡಿಸಿದವರು. ನಿವೃತ್ತಿಗೆ ಇನ್ನೂ ಎರಡು ವರ್ಷವಿರುವಾಗ ಕಣ್ಣಿನ ನರ ಸೊರಗಿತು. ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ಡಾಕ್ಟರು ಸ್ಟಿಯರಿಂಗ್ ಬಿಡಿಸಿದರು. ಅಂದಿನಿಂದ ಮಾವ ಬಸ್ಸನ್ನೇ ಹತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಇನ್ನೊಬ್ಬ ಗೇರ್ ಹಾಕುವ ಸದ್ದು ಕೇಳುವುದು ಅವರಿಂದ ಆಗದ ಮಾತು. ನಮ್ಮ ಮನೆಯಲ್ಲಿಯೂ ಕಿಟಕಿಯ ಪಕ್ಕದ ಕುರ್ಚಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು.

"ರೀ, ಮೂರು ದಿನದಿಂದ ಅಪ್ಪ ಹ್ಞೂಂ, ಉಹ್ಞೂಂ ಬಿಟ್ರೆ ಏನೂ ಮಾತಾಡಿಲ್ಲ. ಏನಾದ್ರೂ ಮಾಡ್ರೀ," ಎಂದಳು ವಸಂತಾ, ಕಣ್ಣು ತುಂಬಿಕೊಂಡು.

ನನಗೂ ಸಂಕಟವಾಯಿತು. ಆದರೆ ನನಗೆ ಬರುತ್ತಿದ್ದುದು ಒಂದೇ ವಿದ್ಯೆ. ಮಾವನನ್ನು ಮತ್ತೆ ಡ್ರೈವರ್ ಸೀಟಿನಲ್ಲಿ ಕೂರಿಸಿಯೇ ತೀರುತ್ತೇನೆ ಎಂದುಕೊಂಡೆ. ಕಂಪ್ಯೂಟರಿನ ಪರದೆ ಹೇಗೂ ಎದುರಿಗೇ ಇರುತ್ತದಲ್ಲ.

ಅಮ್ಜದ್ ಭಾಯ್‌ಗೆ ಇದು ಸರಿಬರಲಿಲ್ಲ. "ಏನ್ ಸಾರ್ ನೀವು! ದುನಿಯಾ ಎಲ್ಲಾ ರೇಸ್ ಕಾರ್ ಹಾಕ್ತಾರೆ, ನೀವು ಸಿಟಿ ಬಸ್ ಹಾಕ್ತೀನಿ ಅಂತೀರಲ್ಲ. ಅದನ್ನ ಯಾರ್ ಸಾರ್ ಓಡಿಸ್ತಾರೆ?"

"ನಮ್ಮ ಮಾವ," ಎಂದು ವಿಷಯ ಹೇಳಿದೆ. ಅವರು ಎರಡು ಟೀ ತರಿಸಿ, ಅಷ್ಟು ದೊಡ್ಡ ಗಾಡಿ ತಿರುವಿನಲ್ಲಿ ಮಗುಚದಂತೆ ಏನು ಮಾಡಬೇಕೆಂದು ಕೂತು ತೋರಿಸಿಕೊಟ್ಟರು.

ಎರಡು ತಿಂಗಳು ನಾನು ಬಸ್ಸಿನಲ್ಲಿ ಗೇಣು ಹಾಕುತ್ತಾ ಓಡಾಡಿದೆ. ಕಂಬಿಯಿಂದ ಕಂಬಿಗೆ ಎಷ್ಟು ದೂರ, ಮೆಟ್ಟಿಲು ಎಷ್ಟೆತ್ತರ, ಡ್ರೈವರ್ ಪಕ್ಕದ ಇಂಜಿನ್ನಿನ ಬಾನೆಟ್ ಎಷ್ಟಗಲ. ಬಾನೆಟ್ ಅಳೆಯಲು ಹೋದಾಗ ಅದರ ಮೇಲೆ ಕೂತಿದ್ದ ಹೆಂಗಸೊಬ್ಬರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಗಾಜಿನ ಮೇಲೆ ದೇವರ ಪಟ, ಪಟಕ್ಕೆ ಸೇವಂತಿಗೆ ಹಾರ, ಮುಂದುಗಡೆ ಕನ್ನಡದಲ್ಲಿ 'ಕೆ.ಆರ್. ಪುರ' ಎಂಬ ಬೋರ್ಡು, ಒಂದನ್ನೂ ಬಿಡಲಿಲ್ಲ. ಇನ್ನು ಕೊರತೆಯೇನೂ ಇಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಂದು ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಮಾವನನ್ನು ಕರೆದು ಕೂರಿಸಿದೆ. ತಮ್ಮ ಬಸ್ಸನ್ನು ಕಂಡು ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಯಾವ ಗುಂಡಿ ಒತ್ತಿದರೆ ಮುಂದೆ, ಯಾವುದು ಬ್ರೇಕು, ಯಾವುದು ಹಾರನ್ನು ಎಂದು ಹೇಳಿಕೊಟ್ಟೆ. ಗುಂಡಿಗಳ ಮೇಲೆ ಕೈಯಿಟ್ಟರು. ಇಟ್ಟವರು ಹಾಗೆಯೇ ಕೂತುಬಿಟ್ಟರು. ಒಂದು ನಿಮಿಷವಾಯಿತು, ಎರಡಾಯಿತು, ಬಸ್ಸು ಅಲುಗಲಿಲ್ಲ. ಹಿಂದೆ ಆಟದ ಕಾರುಗಳು ಬೊಬ್ಬೆ ಹಾಕತೊಡಗಿದವು. ವಸಂತಾ ನನ್ನ ಮುಖ ನೋಡಿದಳು. ಮೊದಲೇ ನೊಂದವರನ್ನು ಇನ್ನಷ್ಟು ನೋಯಿಸಿಬಿಟ್ಟೆನಲ್ಲ ಎನಿಸಿತು.

"ಮಾವ, ಕಾಣಿಸ್ತಿಲ್ವಾ?"

"ಎಲ್ಲಾ ಕಾಣ್ತೈತೆ ಅಳಿಯಂದ್ರೇ."

"ಮತ್ತೆ ಹೊರಡಿ."

"ಹೆಂಗೆ ಹೊರಡೋದು? ಹಿಂದೆ ಜನ ಹತ್ತಿದ್ರೋ ಇಲ್ವೋ ನಂಗೇನ್ ಗೊತ್ತು? ಇನ್ನೂ ಯಾರೂ ರೈಟ್ ಹೇಳಿಲ್ವಲ್ಲ."

ಗೇಣು ಹಾಕಿ ಹಾಕಿ ಬಸ್ಸು ಕಟ್ಟಿದ ಮಹಾನುಭಾವ ಕಂಡಕ್ಟರನ್ನೇ ಮರೆತಿದ್ದೆ! ದಿನಾ ಬಸ್ಸಿನಲ್ಲೇ ಕಚೇರಿಗೆ ಹೋಗಿಬರುತ್ತಿದ್ದರೂ, ಬಸ್ಸು ಹೊರಡುವುದು ಇಂಜಿನ್ನಿನಿಂದ ಎಂದೇ ನಾನು ತಿಳಿದಿದ್ದೆ. ವಸಂತಾ ಎಷ್ಟಾದರೂ ಡ್ರೈವರ್ ಮಗಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಡುಮನೆಯ ಬಾಗಿಲಿಗೆ ಎರಡು ಸಲ ಬಡಿದು ಕೂಗಿದಳು: "ರೈಟ್, ರೈಟ್!"

ಬಸ್ಸು ಹೊರಟಿತು. ಆ ಊರಿನವರು ರಸ್ತೆಯ ಬಲಗಡೆ ಓಡಿಸುವವರು. ಮಾವ ತಮ್ಮ ಅಭ್ಯಾಸದಂತೆ ಎಡಗಡೆ. ಎದುರಿಗೆ ಬಂದ ಕಾರುಗಳಿಗೆಲ್ಲ, "ಲೇ, ಯಾವೂರೋ ನಿಂದು? ರಾಂಗ್ ಸೈಡಲ್ಲಿ ಬರ್ತೀಯಲ್ಲೋ!" ಎಂದು ಬಯ್ಯುತ್ತಾ, ಹಾರನ್ ಹೊಡೆಯುತ್ತಾ ನಡೆದರು. ಎರಡು ಕಾರು ಪಲ್ಟಿಯಾದವು. ಪೊಲೀಸರು ಬೆನ್ನು ಹತ್ತಿದರು. ಮಾವ ಅವರನ್ನು ಲೆಕ್ಕಕ್ಕೇ ಇಡದೆ, ಜನ ನಿಂತ ಕಡೆಯೆಲ್ಲ ನಿಲ್ಲಿಸಿ, ಮಗಳ ರೈಟ್‌ಗೆ ಕಾದು, ಮತ್ತೆ ಹೊರಟರು. ಬಯ್ಗುಳವಾದರೇನಾಯಿತು, ಮಾವ ಮಾತಾಡುತ್ತಿದ್ದರು.

ಊರು ಒಂದು ಸುತ್ತು ಬಂದು ಬಸ್ಸು ನಿಂತಿತು. ಆಗ ನಾನು ತಪ್ಪೊಪ್ಪಿಕೊಂಡೆ. "ಮಾವ, ಆಟದ ಜನ ಬಸ್ ಹತ್ತೋ ಹಾಗೆ ಮಾಡೋಕೆ ನಂಗೆ ಬರ್ಲಿಲ್ಲ. ಅವರು ಯಾವತ್ತೂ ಹತ್ತಲ್ಲ."

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಹತ್ತೋರು ಹತ್ಲಿ, ಬಿಡೋರು ಬಿಡ್ಲಿ. ಟೈಮಿಗೆ ಗಾಡಿ ಬರ್ಬೇಕಲ್ಲ. ನಾಳೆ ಫಸ್ಟ್ ಟ್ರಿಪ್ಪು ಎಷ್ಟೊತ್ತಿಗೆ ಅಳಿಯಂದ್ರೇ?"

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಐದೂ ಮುಕ್ಕಾಲಿಗೆ."

ಅವರು ಮಗಳ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಲೇಟ್ ಮಾಡ್ಬೇಡ. ನೀನಿಲ್ದೆ ಗಾಡಿ ತೆಗೆಯಲ್ಲ ನಾನು."

ಅಷ್ಟು ಬೇಗ ಏಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮರುದಿನ ಮೂವರೂ ಎದ್ದಿದ್ದೆವು.